ಬೆಂಚು ತಿರುಗಿಸಿದ ಗಂಗಾದೇವಿ

ಗಂಗಾದೇವಿ ಬರುವುದು ಕಣ್ಣಿಗೆ ಕಾಣುವುದಕ್ಕಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಹೊಸೂರಿನ ಮೂಕಂಡಪಲ್ಲಿ ತಿರುವಿನಲ್ಲಿ ಕಂಪನಿ ಬಸ್ಸು ಇಳಿಸಿದ್ದೇ ತಡ, ಅವಳ ಬಾಯಿ ಶುರು. ಹಾಲಿನ ಅಂಗಡಿಯವನ ಯೋಗಕ್ಷೇಮ ವಿಚಾರಿಸಿ, ತರಕಾರಿ ಗಾಡಿಯವನ ಹತ್ತಿರ ಜಗಳ ತೆಗೆದು, ತನ್ನ ಮನೆ ಬಾಗಿಲು ಮುಟ್ಟುವ ಹೊತ್ತಿಗೆ ಅವತ್ತು ಫ್ಯಾಕ್ಟರಿಯಲ್ಲಿ ನಡೆದದ್ದೆಲ್ಲ ಇಡೀ ಬೀದಿಗೆ ತಿಳಿದಿರುತ್ತದೆ. ಅವಳ ಕೆಲಸ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ. ದಿನವಿಡೀ ಕಿವಿಗೆ ರಬ್ಬರ್ ಬಿರಡೆ ಹಾಕಿಕೊಂಡು, ಧಡಲ್ ಧಡಲ್ ಎನ್ನುವ ಯಂತ್ರಗಳ ನಡುವೆ ನಿಂತು ಬಂದವಳು. "ಅಲ್ಲಿ ಮೆಲ್ಲಗೆ ಮಾತಾಡಿದ್ರೆ ಪಕ್ಕದೋಳಿಗೆ ನನ್ ತುಟಿ ಆಡೋದು ಮಾತ್ರ ಕಾಣ್ತದೆ ಕಣೆ ಮಂಗಳಾ. ಮನೇಗ್ ಬಂದ್ಮೇಲೂ ಬಾಯಿಗೆ ಅದೇ ಅಭ್ಯಾಸ" ಅನ್ನುತ್ತಾಳೆ, ಅದನ್ನೂ ಕೂಗಿಯೇ.

ಮಂಗಳಾ ಅಂದರೆ ನಾನು. ಅವಳ ಎದುರು ಮನೆ. ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ನನ್ನ ಹೊಲಿಗೆ ಮಿಷಿನ್ನು ಪಕ್ಕದ ಕಿಟಕಿಗೆ ಮುಖ ಮಾಡಿ ಕೂತಿದೆ. ಆ ಕಿಟಕಿಯ ಆಚೆಗೇ ನಮ್ಮ ಲೇಔಟಿನ ಪಾರ್ಕು. ಹಾಗಾಗಿ ಈ ಕತೆಯಲ್ಲಿ ನಡೆದದ್ದರಲ್ಲಿ ಮುಕ್ಕಾಲು ಪಾಲು ನಾನು ಕಣ್ಣಾರೆ ನೋಡಿದ್ದು, ಉಳಿದ ಕಾಲು ಪಾಲು ಗಂಗಾದೇವಿಯ ಬಾಯಿಂದ ಇಡೀ ಬೀದಿಯ ಜೊತೆ ಕೇಳಿದ್ದು.

ಪಾರ್ಕು ಅಂತ ಹೆಸರಿಗೆ ಅನ್ನುತ್ತಿದ್ದೆವು. ಸೈಟು ಹಂಚುವಾಗ ನಕಾಶೆಯಲ್ಲಿ ಹಸಿರು ಬಣ್ಣ ಬಳಿದು ಬಿಟ್ಟ ಜಾಗ ಅದು. ಹಸಿರು ನಕಾಶೆಯಲ್ಲೇ ಉಳಿಯಿತು. ನೆಲದ ಮೇಲೆ ಇದ್ದದ್ದು ಕೆಮ್ಮಣ್ಣು, ಒಂದು ಹೊಂಗೆ ಮರ, ಬಣ್ಣ ಹೋದ ಜಾರುಬಂಡೆ, ಮೂಲೆಯಲ್ಲಿ ನೀರಿನ ಟ್ಯಾಂಕು, ಮತ್ತೆ ಸಿಮೆಂಟಿನ ಬೆಂಚುಗಳು. ಹಿಂಬದಿಗೆ ಉದ್ದಕ್ಕೂ ತಗಡಿನ ಗೋಡೆ. ಅದರ ಆಚೆ ಮೂರ್ತಿಯ ವರ್ಕ್‌ಶಾಪು. ದೊಡ್ಡ ಕಂಪನಿಗಳಿಗೆ ಸಣ್ಣ ಸಣ್ಣ ಭಾಗಗಳನ್ನು ಕೊರೆದು, ಉಜ್ಜಿ, ಬಣ್ಣ ಹೊಡೆದು ಕೊಡುವ ಜಾಗ. ಅಲ್ಲಿನ ಗಾಳಿ ಕಂಪ್ರೆಸರ್ರು ತಗಡಿಗೆ ಅಂಟಿಕೊಂಡಂತೆ ಇತ್ತು. ಬೆಳಗಾದರೆ ಗಡಗಡಗಡ ಶುರು. ಸ್ವಲ್ಪ ಹೊತ್ತು ನಿಲ್ಲುತ್ತದೆ, ಅಬ್ಬಾ ಎಂದು ಉಸಿರು ಬಿಡುವಷ್ಟರಲ್ಲಿ ಮತ್ತೆ ಗಡಗಡಗಡ.

ಬೆಂಚು ಹಾಕಿದವರು ರಸ್ತೆಗೆ ಬೆನ್ನು ಮಾಡಿ, ನೇರ ತಗಡಿಗೆ ಮುಖ ಮಾಡಿ ಹಾಕಿದ್ದರು. ಕೂತವರ ಎದುರಿಗೆ ತುಕ್ಕು ಹಿಡಿದ ತಗಡು, ಅದರ ಮೇಲೆ ಹರಿದ ಚುನಾವಣೆ ಪೋಸ್ಟರು, ತಗಡಿನ ಹಿಂದಿನಿಂದ ಗಡಗಡ. ಯಾರು ಕೂರುತ್ತಾರೆ? ನಾವು ಹೆಂಗಸರು ಸಂಜೆ ಮನೆ ಮೆಟ್ಟಿಲ ಮೇಲೆ ಕೂರುತ್ತಿದ್ದೆವು. ಶಿಫ್ಟು ಬಿಡುವ ಹೊತ್ತಿಗೆ ಬೈಕುಗಳು ನಮ್ಮ ಕಾಲಿನ ಮೇಲೇ ಹೋದಂತೆ ಹೋಗುತ್ತಿದ್ದವು. ಆದರೂ ಪಾರ್ಕಿಗಿಂತ ಮೆಟ್ಟಿಲೇ ವಾಸಿ ಅನ್ನಿಸುತ್ತಿತ್ತು. ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಹೋದ ಮಳೆಗಾಲದ ಮೊದಲಲ್ಲಿ ಗಂಗಾದೇವಿಯ ತಾಯಿ ಲಕ್ಷ್ಮೀದೇವಮ್ಮ ಬಂದರು. ಅಂಚೆಟ್ಟಿಯಿಂದ ಒಳಗೆ, ಬಸ್ಸು ಇಳಿದ ಮೇಲೂ ಕಾಡು ಹಾದು ನಡೆಯಬೇಕಾದ ಹಳ್ಳಿ ಅವರದು. ಅಷ್ಟು ವರ್ಷ ಬೆಟ್ಟ ಹತ್ತಿ ಇಳಿದ ಮೊಣಕಾಲು ಸವೆದು ಹೋಗಿತ್ತು. ಹೊಸೂರಿನಲ್ಲಿ ಆಪರೇಷನ್ ಮಾಡಿಸಿ ಮಗಳು ತನ್ನ ಮನೆಯಲ್ಲೇ ಇಟ್ಟುಕೊಂಡಳು. ಆಪರೇಷನ್ ಚೆನ್ನಾಗಿಯೇ ಆಯಿತು. "ಇನ್ನು ಮಾತ್ರೆ ಅಲ್ಲಮ್ಮ, ನಡಿಗೆ. ದಿನಾ ಎರಡು ಹೊತ್ತು ಸಮತಟ್ಟು ನೆಲದ ಮೇಲೆ ನಡೀಬೇಕು. ನಡೀದಿದ್ರೆ ಕಾಲು ಹಿಡ್ಕೊಂಡು ಬಿಡ್ತದೆ" ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು.

ರಸ್ತೆಯಲ್ಲಿ ನಡೆಸಲು ನೋಡಿದರು. ಎರಡನೇ ದಿನವೇ ಒಬ್ಬ ಬೈಕಿನವನು ವಾಕರಿಗೆ ಉಜ್ಜಿಕೊಂಡು ಹೋದ. ಅಜ್ಜಿ ಬೀಳಲಿಲ್ಲ, ಆದರೆ ಗಂಗಾದೇವಿ ಆ ಬೈಕಿನವನನ್ನು ಬೈದದ್ದು ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಗೇಟಿನವರೆಗೂ ಕೇಳಿಸಿರಬೇಕು. ಅವತ್ತೇ ಪಾರ್ಕಿಗೆ ಕರೆದುಕೊಂಡು ಹೋದಳು. ಅಜ್ಜಿ ಅರ್ಧ ಸುತ್ತು ನಡೆದರು, ಒಂದು ಬೆಂಚಿನ ಮೇಲೆ ಕೂತರು, ತಕ್ಷಣ ಎದ್ದರು.

"ಯಾಕಮ್ಮಾ, ಇಷ್ಟು ಬೇಗ ಎದ್ಬುಟ್ಟೆ?"

"ಬ್ಯಾಡ ಬಾರಮ್ಮಿ. ಇಲ್ಲಿ ಕೂತ್ರೆ ಯಾರೋ ನನ್ನ ಒಂದೇ ಸಮ ಬೈತಾ ಅವ್ರೆ ಅನ್ಸ್ತದೆ."

ಮರುದಿನ ಅಜ್ಜಿ ನೋವು ಅಂದರು. ಅದರ ಮರುದಿನ ತಲೆಸುತ್ತು ಅಂದರು. ಆಮೇಲೆ ಮಂಚ ಬಿಟ್ಟು ಏಳಲೇ ಇಲ್ಲ. ಗಂಗಾದೇವಿ ಬೇಡಿಕೊಂಡಳು, ಗದರಿದಳು, ಕೊನೆಗೆ ಅತ್ತಳು.

"ಹಳ್ಳೀಲಿ ಸದ್ದೇ ಇರ್ಲಿಲ್ವೇನಮ್ಮಾ? ಜೀರುಂಡೆ ಕೂಗಿದ್ರೆ ಕಿವಿ ಕಿತ್ತೋಗ್ತಿತ್ತು. ಅದನ್ನ ಸೈಸ್ತಿದ್ದೆ, ಇದನ್ನ ಸೈಸಕ್ಕೆ ಆಗಲ್ವಾ?"

ಅಜ್ಜಿ ಹೇಳಿದರು: "ಸದ್ದು ಇರ್ಬಾರ್ದು ಅಂತ ನಾನೆಲ್ಲಿ ಅಂದೆ? ಅಲ್ಲಿ ಸದ್ದು ಬಂದ್ರೆ ತಿರುಗಿ ನೋಡ್ತಿದ್ದೆ. ಹಸ ಬಂತೇನೋ, ನವಿಲು ಇಳೀತೇನೋ, ಹಳ್ಳ ಏರ್ತೇನೋ ಅಂತ. ಇಲ್ಲಿ ತಿರುಗಿ ನೋಡಿದ್ರೆ ಏನೈತೆ? ತಗಡು."

ಆ ಮಾತು ಗಂಗಾದೇವಿಯ ತಲೆಯೊಳಗೆ ಕೂತುಬಿಟ್ಟಿತು. ಮಾರನೇ ದಿನ ಶಿಫ್ಟು ಮುಗಿಸಿ ಮನೆಗೂ ಹೋಗದೆ ನೇರ ಮೂರ್ತಿಯ ವರ್ಕ್‌ಶಾಪಿಗೆ ನುಗ್ಗಿದಳು.

ಮೂರ್ತಿ ಕೆಟ್ಟವನಲ್ಲ. ತಾನೂ ಆಳುಗಳ ಜೊತೆ ಎಣ್ಣೆ ಮೆತ್ತಿಕೊಂಡು ದುಡಿಯುವವನು. "ಎನ್ನಕ್ಕಾ" ಎಂದು ತಮಿಳಿನಲ್ಲಿ ಶುರು ಮಾಡಿ ಕನ್ನಡಕ್ಕೆ ಬಂದ. "ಅಕ್ಕಾ, ಗಾಳಿ ಇಲ್ದೆ ನನ್ ಒಂದು ಮಿಷಿನ್ನೂ ಓಡಲ್ಲ. ಇದನ್ನ ನಿಲ್ಸೋದೂ ಒಂದೇ, ಬಾಗ್ಲು ಹಾಕೋದೂ ಒಂದೇ. ಮತ್ತೆ ಅಷ್ಟೇನೂ ಸದ್ದಿಲ್ವಲ್ಲ? ನಾನು ದಿನವೆಲ್ಲ ಪಕ್ಕದಲ್ಲೇ ಇರ್ತೀನಿ, ನಂಗೇನೂ ಅನ್ಸಲ್ಲ."

"ನಂಗೂ ನನ್ ಪ್ರೆಸ್ ಮಿಷಿನ್ ಪಕ್ಕದಲ್ಲಿ ಏನೂ ಅನ್ಸಲ್ಲ" ಎಂದು ಅವಳು ವಾಪಸು ಬಂದಳು. ಜಗಳ ಆಡಲು ಹೋದವಳಿಗೆ ಜಗಳ ಸಿಗಲಿಲ್ಲ.

ವಿಷಯ ಲೇಔಟಿನ ಸಂಘದ ಅಧ್ಯಕ್ಷರಾದ ಮುನಿವೆಂಕಟಪ್ಪನವರ ಕಿವಿಗೆ ಬಿತ್ತು. ಈಗ ಲೇಔಟು ಇರುವ ಜಾಗದಲ್ಲಿ ಒಂದು ಕಾಲಕ್ಕೆ ಅವರ ಮನೆತನದ ರಾಗಿ ಹೊಲ ಇತ್ತು. ಹಾಗಾಗಿ ಇಲ್ಲಿ ಏನು ಮಾಡುವುದಿದ್ದರೂ ತಾನೇ ಮುಂದೆ ನಿಲ್ಲಬೇಕು ಎಂಬ ಹಟ ಅವರದು. "ಸದ್ದು ಕೇಳ್ಬಾರ್ದು ಅಷ್ಟೇ ತಾನೆ? ಅದಕ್ಕೆ ಮೇಲೊಂದು ಒಳ್ಳೆ ಸದ್ದು ಹಾಕೋಣ" ಅಂದವರೇ ಹೊಂಗೆ ಮರಕ್ಕೆ ಸ್ಪೀಕರ್ ಡಬ್ಬ ಕಟ್ಟಿಸಿ ಭಕ್ತಿಗೀತೆ ಹಾಕಿಸಿದರು.

ಅಯ್ಯೋ, ಆ ವಾರ! ಒಂದು ಮನೆಯವರು ಬಂದು ಮುರುಗನ ತಮಿಳು ಪದ ಹಾಕಿ ಅಂದರು. ಇನ್ನೊಬ್ಬರು ತಿರುಪತಿಯ ಏಡುಕೊಂಡಲವಾಡನ ತೆಲುಗು ಭಜನೆಯೇ ಬೇಕು ಅಂದರು. ನಾವು ಕನ್ನಡದ್ದು ಯಾಕೆ ಹಾಕಲ್ಲ ಅಂತ ಕೇಳಿದೆವು. ಹಾಡಿನ ಮಧ್ಯೆ ಕಂಪ್ರೆಸರ್ ಎದ್ದರೆ ಮುನಿವೆಂಕಟಪ್ಪ ವಾಲ್ಯೂಮು ಏರಿಸುವರು. ಅದು ಏರಿತೆಂದು ವರ್ಕ್‌ಶಾಪಿನ ಹುಡುಗರು ತಮ್ಮ ರೇಡಿಯೊ ಏರಿಸುವರು. ನನ್ನ ಹೊಲಿಗೆ ಮಿಷಿನ್ನಿನ ಸದ್ದು ನನಗೇ ಕೇಳದೆ ಒಂದು ರವಿಕೆಯ ತೋಳನ್ನು ಮಗ್ಗುಲು ಬದಲಿಸಿ ಹೊಲಿದುಬಿಟ್ಟೆ. ಕೊನೆಗೆ ಲಕ್ಷ್ಮೀದೇವಮ್ಮನವರೇ ಕಿಟಕಿಯಿಂದ ಕೈ ಮುಗಿದು "ಮೊದ್ಲು ಒಬ್ನೇ ಬೈತಿದ್ದ, ಈಗ ಜಾತ್ರೇನೇ ಬೈತಾ ಐತೆ. ನಿಲ್ಸಿ ಸ್ವಾಮೀ" ಅಂದ ಮೇಲೆ ಸ್ಪೀಕರು ಮರದಿಂದ ಇಳಿಯಿತು.

ಮುಂದಿನದ್ದು ಗಂಗಾದೇವಿಗೆ ಹೊಳೆದದ್ದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ. ಅವತ್ತು ಸಂಜೆ ಬಸ್ಸಿಳಿದವಳು ಹಾಲಿನವನನ್ನೂ ಮಾತಾಡಿಸಲಿಲ್ಲ, ಓಡಿ ಬಂದಳು.

"ಮಂಗಳಾ! ಮಂಗಳಾ, ಆ ಮಿಷಿನ್ ಬಿಟ್ಟು ಬಾರೆ! ಇವತ್ತು ಊಟಕ್ಕೆ ಜಾಗ ಸಿಗ್ಲಿಲ್ಲ. ಕಿಟ್ಕಿ ಕಡೆ ಮುಖ ಇರೋ ಕುರ್ಚಿ ಎಲ್ಲಾ ಭರ್ತಿ, ಗೋಡೆ ಕಡೆ ಮುಖ ಇರೋ ಕುರ್ಚಿ ಎಲ್ಲಾ ಖಾಲಿ. ಒಂದೇ ರೂಮು, ಅದೇ ಫ್ಯಾನು, ಅದೇ ತಟ್ಟೆ ಸದ್ದು. ಕಿಟ್ಕಿ ಕಡೆ ಕೂತೋರು ನಗ್ತಾ ಅವ್ರೆ, ಗೋಡೆ ಕಡೆ ಕೂತೋರು ಗಬಗಬ ತಿಂದು ಏಳ್ತಾ ಅವ್ರೆ! ನಾನು ಬೇಕೂಂತ ಎರಡು ಕಡೆನೂ ಕೂತು ನೋಡ್ದೆ ಕಣೆ. ಗೋಡೆ ಕಡೆ ಕೂತಾಗ ತಟ್ಟೆ ಸದ್ದು ತಲೆಗೆ ಹೊಡೀತು. ಕಿಟ್ಕಿ ಕಡೆ ಕೂತಾಗ ಹೊರಗಡೆ ಬೇವಿನ ಮರ ನೋಡ್ತಾ ಇದ್ದೆ, ತಟ್ಟೆ ಸದ್ದು ನೆನಪೇ ಆಗ್ಲಿಲ್ಲ!"

"ಅದಕ್ಕೇನೀಗ?"

"ಅದಕ್ಕೇನಾ? ಬೆಂಚು ತಿರುಗಿಸೋಣ!"

ಭಾನುವಾರ ಬೆಳಗ್ಗೆ ಬೆಂಚು ತಿರುಗಿಸುವ ಕೆಲಸ. ಕೇಳಲು ಸುಲಭ, ಆದರೆ ಒಂದೊಂದು ಬೆಂಚೂ ನೆಲದೊಳಗೆ ಬೇರು ಬಿಟ್ಟಂತೆ ಕೂತಿತ್ತು. ಗಂಗಾದೇವಿಯ ಗಂಡ ಶ್ರೀನಿವಾಸ್ ಇನ್ನೊಂದು ಕಂಪನಿಯ ಶಿಫ್ಟು ಬಸ್ಸು ಓಡಿಸುವವನು. ಹೆಂಡತಿ ಎಷ್ಟು ಮಾತಾಡುತ್ತಾಳೋ ಅವನು ಅಷ್ಟು ಕಡಿಮೆ. "ಬೆಂಚು ಯಾವ ಕಡೆ ತಿರುಗಿದ್ರೇನು, ಸದ್ದು ಬೆನ್ನಿಂದ ಬರ್ತದೆ" ಅಂತಷ್ಟೇ ಹೇಳಿ ಎಳೆಯುವ ಹಗ್ಗ ತಂದ. ಹಾರೆ, ಪಿಕಾಸಿ, ಮರದ ದಿಮ್ಮಿ, ಎಲ್ಲ ಬಂತು. ಗಂಡಸರು ಮೀಟಿದರು, ಹೆಂಗಸರು ಹಗ್ಗ ಹಿಡಿದೆವು. ಐಸಾ ಎಂದು ಎಳೆದರೆ ಬೆಂಚು ಅಲ್ಲಾಡದು. ಗದ್ದಲ ಕೇಳಿ ಮೂರ್ತಿ ತಗಡಿನ ಮೇಲಿಂದ ಇಣುಕಿದ. ನಮ್ಮ ಅವಸ್ಥೆ ನೋಡಿ ನಕ್ಕ, ಮರೆಯಾದ. ಸ್ವಲ್ಪ ಹೊತ್ತಿಗೆ ಸರಪಳಿ ರಾಟೆ ಹೊತ್ತುಕೊಂಡು ಗೇಟಿನಿಂದಲೇ ಬಂದ.

"ಹಂಗೆ ಎಳೆದ್ರೆ ಬೆಂಚಲ್ಲ, ನಿಮ್ ಸೊಂಟ ತಿರುಗ್ತದೆ. ಪಕ್ಕಕ್ಕೆ ಸರೀರಿ."

ಮೊದಲನೇ ಬೆಂಚು ಎದ್ದು, ಗಾಳಿಯಲ್ಲಿ ತೂಗಿ, ತಿರುಗಿ ಧೊಪ್ಪನೆ ಕೂತಿತು. ಎಲ್ಲರೂ ಚಪ್ಪಾಳೆ! ಗಂಗಾದೇವಿ ಬೆವರು ಒರೆಸಿಕೊಂಡು ಅದರ ಮೇಲೆ ಕೂತು ತಲೆ ಎತ್ತಿದಳು. ಕೂತವಳು ಹಾಗೇ ಬಾಯಿ ತೆರೆದಳು, ಮಾತು ಬರಲಿಲ್ಲ. ಗಂಗಾದೇವಿಗೆ ಮಾತು ಬರಲಿಲ್ಲ ಎಂದರೆ ನಾವೆಲ್ಲ ಗಾಬರಿಯಾದೆವು.

"ಏನಾಯ್ತೇ?"

"ಬೆಟ್ಟ" ಅಂದಳು. ಆಮೇಲೆ ಕೂಗಿದಳು: "ಬೆಟ್ಟ ಕಾಣ್ತದೆ ಕಣ್ರೋ! ದೇವ್ರ ಬೆಟ್ಟ!"

ಓಡಿ ಹೋಗಿ ಅವಳ ಪಕ್ಕ ಇರುಕಿಕೊಂಡು ಕೂತು ನೋಡಿದೆ. ರಸ್ತೆಯ ಆಚೆ ಎರಡು ಮಹಡಿ ಮನೆಗಳ ಸಂದಿಯಲ್ಲಿ, ನೀರಿನ ಟ್ಯಾಂಕುಗಳ ಮೇಲುಗಡೆ, ದೂರದಲ್ಲಿ ಚಂದ್ರಚೂಡೇಶ್ವರನ ಬೆಟ್ಟ! ಮಳೆ ಬಂದು ತೊಳೆದ ಆಕಾಶದಲ್ಲಿ ಗೋಪುರ ಕೂಡ ಬೆರಳಿನಷ್ಟು ಕಾಣುತ್ತಿತ್ತು. ನಿಂತರೆ ಕರೆಂಟು ತಂತಿಗಳು ಅಡ್ಡ ಬರುತ್ತವೆ, ಕೂತರೆ ಮಾತ್ರ ಸರಿಯಾಗಿ ಕಾಣುತ್ತದೆ. ಇಷ್ಟು ವರ್ಷ ಇದೇ ಬೀದಿಯಲ್ಲಿದ್ದೆವು, ಬೆಟ್ಟ ನಮ್ಮ ಬೆನ್ನ ಹಿಂದೆ ಇತ್ತು. ಒಬ್ಬೊಬ್ಬರೂ ಸರದಿಯಲ್ಲಿ ಕೂತು ನೋಡಿದರು. ಅವತ್ತು ಭಾನುವಾರ, ಕಂಪ್ರೆಸರ್‌ಗೆ ರಜೆ, ಮೂರ್ತಿಯೂ ಕೂತು ನೋಡಿದ. ಉಳಿದ ಬೆಂಚುಗಳು ತಿರುಗುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಅವತ್ತು ಸಂಜೆ ಲಕ್ಷ್ಮೀದೇವಮ್ಮ ತಾವಾಗಿಯೇ ವಾಕರ್ ಕೇಳಿದರು. ಬೆಟ್ಟಕ್ಕೆ ಕೈ ಮುಗಿದು ದೀಪ ಹಚ್ಚುವ ಹೊತ್ತಿನವರೆಗೂ ಕೂತಿದ್ದರು. ಆದರೆ ಏಳುವಾಗ ಹಿಂದಕ್ಕೆ ತಿರುಗಿ ತಗಡನ್ನು ನೋಡಿದರು. "ಇದಕ್ಕೂ ಒಂದು ಸೀರೆ ಉಡ್ಸ್ಬೇಕಲ್ಲಮ್ಮಿ" ಅಂದರು.

ಗಂಗಾದೇವಿಗೆ ಅಷ್ಟು ಸಾಕಾಗಿತ್ತು. ಮುಂದಿನ ವಾರ ಅಂಚೆಟ್ಟಿಗೆ ಹೋಗಿ ತಾಯಿಯ ಮನೆಯ ಅಟ್ಟದಿಂದ ಚಪ್ಪರದ ಅವರೆ ಬೀಜ ತಂದಳು. ತಗಡಿನ ಉದ್ದಕ್ಕೂ ಗುಣಿ ತೋಡಿ ಬಿತ್ತಿದೆವು. ಮೊಳಕೆ ಬಂತು, ಸಂಭ್ರಮ ಪಟ್ಟೆವು. ನಾಲ್ಕು ದಿನ ಬಿಸಿಲು ಬಂದಿದ್ದೇ ತಗಡು ಕಾದು ಹೆಂಚಾಯಿತು, ಕುಡಿಗಳೆಲ್ಲ ಸುಟ್ಟು ಕರಕಲಾದವು. ಗಂಗಾದೇವಿ ಆ ಸಂಜೆ ಮಾತಿಲ್ಲದೆ ಬೀದಿ ದಾಟಿದಳು. ಅದು ಅವಳ ಬದುಕಿನಲ್ಲಿ ಎರಡನೇ ಸಲ ಇರಬೇಕು.

"ತಗಡಿಗೆ ತಾಗಿಸ್ಬಾರ್ದು. ಒಂದು ಮೊಳ ದೂರ ಬಿದಿರು ನೆಟ್ಟು ಹಗ್ಗ ಬಿಗೀರಿ. ಮಧ್ಯೆ ಗಾಳಿ ಆಡ್ಲಿ" ಅಂತ ಅಜ್ಜಿ ಬೆಂಚಿನ ಮೇಲೆ ಕೂತೇ ಹೇಳಿಕೊಟ್ಟರು. ಮತ್ತೆ ಬಿತ್ತಿದೆವು. ಈ ಸಲ ಬಳ್ಳಿ ಹಗ್ಗ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ! ಬೆಳಗ್ಗೆ ನೋಡಿದ ಕುಡಿ ಸಂಜೆಗೆ ಇನ್ನೊಂದು ಗಂಟು ದಾಟಿರುತ್ತಿತ್ತು. ಅಜ್ಜಿಗೆ ಅದೇ ನಡಿಗೆ ಆಯಿತು. ಕುಡಿ ಎಲ್ಲಿಗೆ ಬಂತು ಅಂತ ನೋಡಲು ಈ ತುದಿಯಿಂದ ಆ ತುದಿಗೆ ಹೋಗುವುದು, ಜಾರಿದ್ದನ್ನು ಹಗ್ಗಕ್ಕೆ ಸುತ್ತುವುದು, ವಾಪಸು ಬರುವುದು. ಗೌರಿ ಹಬ್ಬದ ಹೊತ್ತಿಗೆ ವಾಕರ್ ಬಿಟ್ಟು ಕೋಲು ಹಿಡಿದರು. ದಸರೆ ಹೊತ್ತಿಗೆ ಕೋಲನ್ನು ಬಳ್ಳಿ ಸರಿಸುವುದಕ್ಕೆ ಮಾತ್ರ ಬಳಸುತ್ತಿದ್ದರು.

ಇನ್ನು ಟ್ಯಾಂಕಿನ ವಿಷಯ. ದಿನಾ ಸಂಜೆ ಬೋರ್‌ವೆಲ್ ನೀರು ಟ್ಯಾಂಕಿಗೆ ಏರುತ್ತಿತ್ತು. ತುಂಬಿದ ಮೇಲೆ ಯಾರಾದರೂ ನೆನಪು ಮಾಡಿಕೊಂಡು ಮೋಟರ್ ನಿಲ್ಲಿಸುವವರೆಗೆ ನೀರು ಹಿಂದಿನ ಕೊಳವೆಯಿಂದ ಚರಂಡಿಗೆ ಹರಿದುಹೋಗುತ್ತಿತ್ತು. ಗಂಗಾದೇವಿ ಸೊಂಟಕ್ಕೆ ಕೈ ಕೊಟ್ಟು ಆ ಕೊಳವೆಯನ್ನೇ ನೋಡುತ್ತಾ ನಿಂತದ್ದನ್ನು ಕಿಟಕಿಯಿಂದ ಕಂಡೆ. ಏನೋ ಬರುತ್ತಿದೆ ಅಂದುಕೊಂಡೆ. ಬಂತು.

"ಚರಂಡಿಗೆ ಹೋಗೋ ನೀರು ನಮ್ ಮುಂದೆ ಬಿದ್ದು, ಒಂಚೂರು ಸದ್ದು ಮಾಡಿ, ಅವರೆ ಬುಡಕ್ಕೆ ಹೋಗ್ಲಿ. ಕಲ್ಲಿನ ತೊಟ್ಟಿ ಒಂದು ಬೇಕು. ಕಲ್ಲಿನ ಮೇಲೆ ಬಿದ್ರೇನೇ ನೀರಿಗೆ ಮಾತು ಬರೋದು."

ಕಲ್ಲಿನ ತೊಟ್ಟಿ ಇದ್ದದ್ದು ಒಬ್ಬರ ಹತ್ತಿರ ಮಾತ್ರ. ಮುನಿವೆಂಕಟಪ್ಪನವರ ಮನೆಯ ಹಿತ್ತಲಲ್ಲಿ, ಹಿಂದೆ ಎತ್ತುಗಳು ನೀರು ಕುಡಿಯುತ್ತಿದ್ದ ತೊಟ್ಟಿ, ಮುರಿದ ಕುರ್ಚಿ ಚಪ್ಪಲಿ ತುಂಬಿಕೊಂಡು ಬಿದ್ದಿತ್ತು. ಕೇಳಿದ್ದಕ್ಕೆ ಅವರು ಸಿಡಿದರು. ಸ್ಪೀಕರ್ ಇಳಿಸಿದ ಕೋಪ ಇನ್ನೂ ಆರಿರಲಿಲ್ಲ.

"ಅದು ನಮ್ಮಪ್ಪ ಹೊಡೆಸಿದ್ದು. ಪಾರ್ಕಿಗೆ ಇಡಕ್ಕೆ ಅದೇನು ಶೋ ಪೀಸಾ?"

"ಯಜಮಾನ್ರೇ, ತೊಟ್ಟಿ ನಿಮ್ ಹೊಲದಲ್ಲೇ ಇರ್ತದಲ್ಲ! ಎಲ್ಲಿಗೋಯ್ತದೆ?" ಅಂದಳು ಗಂಗಾದೇವಿ.

ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಇನ್ನು ಆಗದ ಮಾತು ಅಂದುಕೊಂಡೆವು. ಆದರೆ ಎರಡು ದಿನ ಬಿಟ್ಟು ಬೆಳಗ್ಗೆ ನೋಡಿದರೆ ಹಿತ್ತಲಲ್ಲಿ ತೊಟ್ಟಿಯನ್ನು ತಾವೇ ತೆಂಗಿನ ನಾರಿನಿಂದ ತಿಕ್ಕುತ್ತಾ ಕೂತಿದ್ದರು! "ನಿಂತ್ಕೊಂಡು ನೋಡ್ತೀರಲ್ಲ, ಹೊರೋಕೆ ಯಾರು ಬರ್ತಾರೆ?" ಎಂದು ನಮ್ಮನ್ನೇ ಗದರಿದರು. ಮೂರ್ತಿಯ ರಾಟೆ ಮತ್ತೆ ಬಂತು. ಕೊಳವೆ ತಿರುಗಿಸಿ, ಕೆಳಗೆ ಚಪ್ಪಡಿ ಕಲ್ಲುಗಳನ್ನು ಮೆಟ್ಟಿಲಂತೆ ಜೋಡಿಸಿ, ತೊಟ್ಟಿ ಇಟ್ಟು, ಅಲ್ಲಿಂದ ಬಳ್ಳಿಯ ಸಾಲಿಗೆ ಕಾಲುವೆ ತೆಗೆದೆವು.

ಅವತ್ತು ಸಂಜೆ ಇಡೀ ಲೇಔಟು ಪಾರ್ಕಿನಲ್ಲಿತ್ತು. ಮೋಟರ್ ಹಾಕಿದರು. ತಗಡಿನ ಆಚೆ ಕಂಪ್ರೆಸರ್ ಎಂದಿನಂತೆ ಗಡಗಡ ಅನ್ನುತ್ತಿತ್ತು. ಟ್ಯಾಂಕು ತುಂಬುವುದನ್ನೇ ಕಾಯುತ್ತಾ ಎಲ್ಲರೂ ಕೊಳವೆಯ ಬಾಯಿ ನೋಡುತ್ತಿದ್ದೆವು. ಮಕ್ಕಳು ಕೂಡ ಸುಮ್ಮನಿದ್ದರು. ಏನೂ ಇಲ್ಲ. ಶ್ರೀನಿವಾಸ್ ಏಣಿ ಹತ್ತಿ ಇಣುಕಿ "ಇನ್ನೊಂಚೂರು" ಅಂದ. ಕೊಳವೆ ಒಮ್ಮೆ ಗೊರ್ ಎಂದಿತು. ಒಂದು ಗುಟುಕು ನೀರು ಉಗುಳಿತು. ನಿಂತಿತು. "ಥೂ" ಎಂದು ಗಂಗಾದೇವಿ ಕಾಲು ಅಪ್ಪಳಿಸಿದಳು. ಅಷ್ಟರಲ್ಲಿ ಬಂತು ನೋಡಿ! ದಪ್ಪಗೆ, ಬೆಳ್ಳಗೆ ಬಂತು. ಕಲ್ಲಿನಿಂದ ಕಲ್ಲಿಗೆ ಜಿಗಿದು ತೊಟ್ಟಿಗೆ ಬಿತ್ತು. ಜಳ ಜಳ ಜಳ! ಮಕ್ಕಳು ಕಿರುಚಿಕೊಂಡು ಕೈ ಒಡ್ಡಿದರು. ಹೆಂಗಸರು ಮುಖಕ್ಕೆ ಎರಚಿಕೊಂಡರು. ಗಂಗಾದೇವಿ ಚಪ್ಪಲಿ ಬಿಟ್ಟು ಕಾಲುವೆಯಲ್ಲಿ ನಿಂತು ಕುಣಿದಳು. ಮುನಿವೆಂಕಟಪ್ಪ ಮಾತ್ರ ಬೆಂಚಿನ ತುದಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡಿದ್ದರು. "ಎತ್ತು ಕುಡಿದು ತಲೆ ಎತ್ತಿದಾಗ ಮೂತಿಯಿಂದ ಹನಿ ಬೀಳ್ತಿತ್ತಲ್ಲ, ಇದೇ ತೊಟ್ಟಿ, ಇದೇ ಸದ್ದು" ಎಂದು ಪಕ್ಕದಲ್ಲಿದ್ದ ಲಕ್ಷ್ಮೀದೇವಮ್ಮನವರಿಗೆ ಹೇಳಿದರು.

ಆಮೇಲೆ ನಮ್ಮ ಮೆಟ್ಟಿಲುಗಳು ಖಾಲಿಯಾದವು. ಸಂಜೆಯಾದರೆ ಪಾರ್ಕು. ಅವರೆ ಹೂ ಬಿಟ್ಟು ನೇರಳೆ ಬಣ್ಣ ತಗಡನ್ನೆಲ್ಲ ಮುಚ್ಚಿತು. ಜೇನು ಬಂತು. ಸೂಜಿಯಂಥ ಕೊಕ್ಕಿನ ಪುಟಾಣಿ ಹಕ್ಕಿ ಹೂವಿನ ಮುಂದೆ ರೆಕ್ಕೆ ಬಡಿಯುತ್ತ ನಿಲ್ಲುವುದನ್ನು ನಾನು ಹೊಲಿಗೆ ನಿಲ್ಲಿಸಿ ನೋಡುತ್ತಿದ್ದೆ. "ಮೂರ್ತಿ ಒಳ್ಳೆಯವ್ನಪ್ಪ, ಕಂಪ್ರೆಸರ್ ಸದ್ದು ಕಮ್ಮಿ ಮಾಡ್ಸವ್ನೆ" ಎಂದು ಎಲ್ಲರೂ ಮಾತಾಡಿಕೊಂಡರು.

ಶ್ರೀನಿವಾಸನಿಗೆ ಮಾತ್ರ ಅನುಮಾನ. ಬೆಂಚು ತಿರುಗಿಸುವ ಮೊದಲೇ ಅವನು ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡು ಒಮ್ಮೆ ಅಳೆದಿದ್ದನಂತೆ, ಹೆಂಡತಿಯನ್ನು ಕೆಣಕಲು. ಒಂದು ಸಂಜೆ, ನೀರು ಬೀಳುವ ಮೊದಲು, ಅದೇ ಬೆಂಚಿನಲ್ಲಿ ಮತ್ತೆ ಅಳೆದ. ಹುಬ್ಬು ಏರಿಸಿ ಎಲ್ಲರಿಗೂ ತೋರಿಸಿದ.

"ನೋಡ್ರಿ. ಅವತ್ತು ಎಷ್ಟಿತ್ತೋ ಇವತ್ತೂ ಹೆಚ್ಚುಕಮ್ಮಿ ಅಷ್ಟೇ ಐತೆ. ಏನೂ ಕಮ್ಮಿ ಆಗಿಲ್ಲ."

"ಸುಳ್ಳು ಹೇಳ್ತದೆ ನಿನ್ ಫೋನು!" ಗಂಗಾದೇವಿ ಎದ್ದೇ ಬಿಟ್ಟಳು.

"ಫೋನ್ ಯಾಕೆ ಸುಳ್ಳು ಹೇಳ್ತದೆ?"

"ಹಂಗಾದ್ರೆ ಇಷ್ಟು ಜನ ಸುಳ್ಳು ಹೇಳ್ತಾರಾ? ಅಮ್ಮಾ, ನೀನೇಳು, ಸದ್ದು ಕಮ್ಮಿ ಆಗೈತೋ ಇಲ್ವೋ?"

"ಯಾವ ಸದ್ದು?" ಅಂದರು ಲಕ್ಷ್ಮೀದೇವಮ್ಮ.

ಪಾರ್ಕೆಲ್ಲ ಗೊಳ್ಳೆಂದು ನಕ್ಕಿತು. ಮುನಿವೆಂಕಟಪ್ಪನವರು ಫೋನು ಕಿತ್ತುಕೊಂಡು ತಿರುಗಾ ಮುರುಗಾ ಮಾಡಿ ನೋಡಿದರು. ವಾದ ಏರಿತು, ಅರ್ಧ ಜನ ಫೋನಿನ ಕಡೆ, ಅರ್ಧ ಜನ ಅಜ್ಜಿಯ ಕಡೆ. ಕೊನೆಗೆ ಶ್ರೀನಿವಾಸನೇ ತಲೆ ಕೆರೆದುಕೊಂಡು ಒಪ್ಪಿದ: "ನಿಜ ಹೇಳ್ಬೇಕಂದ್ರೆ ನಂಗೂ ಕಮ್ಮೀನೇ ಕೇಳ್ತದೆ. ಆದ್ರೆ ಫೋನ್‌ಗೆ ಅವರೆ ಹೂವ ಕಾಣಲ್ವಲ್ಲ, ಏನ್ ಮಾಡ್ಲಿ?"

ಮೂರ್ತಿಯನ್ನೇ ಕೇಳಿಬಿಡೋಣ ಎಂದು ಗೇಟಿನಿಂದ ಕೂಗಿ ಕರೆದರು. ಅವನು ಕೈ ಒರೆಸಿಕೊಳ್ಳುತ್ತಾ ಬಂದ. "ನಾನೇನೂ ಮಾಡ್ಸಿಲ್ಲ. ಅದೇ ಮಿಷಿನ್ನು, ಅದೇ ಜಾಗ" ಅಂದ.

"ಕೂತ್ಕೋ" ಅಂದರು ಅಜ್ಜಿ.

ಅವನು ಕೂತ. ಅಷ್ಟರಲ್ಲಿ ಟ್ಯಾಂಕು ತುಂಬಿ ನೀರು ಬೀಳತೊಡಗಿತು. ಅವನು ಬೆಟ್ಟ ನೋಡಿದ, ನೀರು ಕೇಳಿದ. ಯಾರೋ ಟೀ ಕೊಟ್ಟರು. ಅರ್ಧ ಟೀ ಕುಡಿಯುವಷ್ಟರಲ್ಲಿ ಹಿಂದೆ ಅವನ ಕಂಪ್ರೆಸರ್ ಎದ್ದಿತು, ಗಡಗಡಗಡ. ಮೂರ್ತಿ ಬೆಚ್ಚಿಬಿದ್ದು ಲೋಟ ತುಳುಕಿಸಿದ. ನಮಗೆ ಅಭ್ಯಾಸವಾಗಿತ್ತು, ಅವನಿಗೆ ಇರಲಿಲ್ಲ. ಅಷ್ಟು ವರ್ಷದಲ್ಲಿ ಅವನು ತನ್ನ ಯಂತ್ರವನ್ನು ಈ ಕಡೆಯಿಂದ ಒಮ್ಮೆಯೂ ಕೇಳಿರಲಿಲ್ಲ.

"ಇಷ್ಟು ಸದ್ದು ಮಾಡ್ತದಾ ನಮ್ದು?" ಅಂದ. ಮುಖ ಕೆಂಪಾಗಿತ್ತು. ನಾವು ನಗಲಿಲ್ಲ. ಅವನು ಟೀ ಮುಗಿಸಿ ಎದ್ದ.

ಅದೇ ವರ್ಷದ ಆಯುಧಪೂಜೆಯ ರಜೆಯಲ್ಲಿ ವರ್ಕ್‌ಶಾಪಿನೊಳಗೆ ಎರಡು ದಿನ ಧಡಬಡ ನಡೆಯಿತು. ಕಂಪ್ರೆಸರ್ ತಗಡು ಬಿಟ್ಟು ಆಚೆ ತುದಿಯ ಮೂಲೆಗೆ ಹೋಗಿ, ಸುತ್ತ ಇಟ್ಟಿಗೆ ಗೂಡು ಕಟ್ಟಿಸಿಕೊಂಡು ಕೂತಿತು. ಶ್ರೀನಿವಾಸ್ ಓಡಿ ಬಂದು ಅಳೆದ. ಈ ಸಲ ಫೋನು ಕೂಡ ಒಪ್ಪಿಕೊಂಡಿತು! ಗಂಗಾದೇವಿ ಫೋನಿಗೆ ಒಂದು ಮುತ್ತು ಕೊಟ್ಟಳು, ಗಂಡ ನಾಚಿಕೊಂಡು ಫೋನನ್ನು ಜೇಬಿಗೆ ಹಾಕಿಕೊಂಡ.

ಲಕ್ಷ್ಮೀದೇವಮ್ಮ ಸಂಕ್ರಾಂತಿವರೆಗೆ ಇದ್ದು, ಅವರೆ ಕಾಯಿ ಮನೆಮನೆಗೆ ಹಂಚಿ, ತಮ್ಮ ಕಾಲಿನ ಮೇಲೆ ನಡೆದು ಅಂಚೆಟ್ಟಿ ಬಸ್ಸು ಹತ್ತಿದರು. ಬೀಜಕ್ಕೆ ಬಿಡಬೇಕಾದ ಕಾಯಿಗೆ ಕೆಂಪು ದಾರ ಕಟ್ಟಿಯೇ ಹೋದರು.

ಸುದ್ದಿ ಹಬ್ಬಿತು. ಹೊಸೂರಿನ ಇನ್ನೊಂದು ತುದಿಯ ಲೇಔಟಿನಿಂದ ಭಾಗ್ಯಲಕ್ಷ್ಮಿ ಎಂಬ ಹೆಂಗಸು ಹುಡುಕಿಕೊಂಡು ಬಂದರು. "ನಮ್ ಪಾರ್ಕೂ ಒಂದ್ಸಲ ನೋಡಿ ಬನ್ನಿ ಅಕ್ಕಾ. ಹುಲ್ಲೈತೆ, ಹೂವೈತೆ, ಒಂದು ಚೂರು ಸದ್ದಿಲ್ಲ. ಆದ್ರೂ ಒಬ್ರೂ ಕೂರಲ್ಲ" ಅಂದರು. ಹೋದ ಭಾನುವಾರ ಗಂಗಾದೇವಿ ನನ್ನನ್ನೂ ಎಳೆದುಕೊಂಡು ಹೋದಳು.

ನಿಜವಾಗಿ ಅಂದವಾದ ಪಾರ್ಕು. ಕತ್ತರಿಸಿದ ಹುಲ್ಲು, ಸುತ್ತ ಆಳೆತ್ತರದ ಗೋಡೆ. ಒಳಗೆ ಹೋದದ್ದೇ ನಾನು ಗಂಗಾದೇವಿಯ ಕೈ ಹಿಡಿದುಕೊಂಡೆ. ಸದ್ದೇ ಇಲ್ಲ, ನಮ್ಮ ಹೆಜ್ಜೆ ನಮಗೇ ಕೇಳುತ್ತದೆ. ಹಿಂದೆ ಯಾರೋ ಬಂದಂತೆ ತಿರುಗಿ ತಿರುಗಿ ನೋಡಿದೆ.

"ಹೆಣ್ಮಕ್ಕಳಿಗೆ ಒಬ್ರೇ ಬರಕ್ಕೆ ಭಯ ಆಯ್ತದೆ" ಅಂದರು ಭಾಗ್ಯಲಕ್ಷ್ಮಿ.

ಗಂಗಾದೇವಿ ಗೋಡೆ ಪಕ್ಕದ ಬೆಂಚಿನ ಮೇಲೆ ಕೂತು ಕಿವಿಗೊಟ್ಟಳು. ಕತ್ತು ವಾಲಿಸಿದಳು. ಎಲ್ಲಿಂದಲೋ ಸಣ್ಣಗೆ, ಗೋಡೆಯನ್ನು ಕೊರೆದು ಬಂದಂತೆ, ಹೆಂಗಸರ ನಗು.

"ಈ ಗೋಡೆ ಆಚೆ ಏನೈತೆ?"

"ಏನಿಲ್ಲಕ್ಕಾ, ಓಣಿ. ತೋಟದಿಂದ ಬಂದ ಹೂವ ಕಟ್ತಾ ಕೂತಿರ್ತಾರೆ."

"ಹೂವ ಕಟ್ಟೋರಾ!" ಗಂಗಾದೇವಿಯ ಕಣ್ಣು ಅರಳಿತು. ಚಪ್ಪಲಿ ಬಿಟ್ಟು ಬೆಂಚು ಹತ್ತಿ, ತುದಿಗಾಲಲ್ಲಿ ನಿಂತು ಗೋಡೆಯ ಮೇಲೆ ಗಲ್ಲ ಇಟ್ಟಳು. ನಾನೂ ಹತ್ತಿದೆ. ಕೆಳಗೆ ಚಾಪೆ ಹಾಸಿಕೊಂಡು ಸಾಲಾಗಿ ಹೆಂಗಸರು, ನಡುವೆ ಗುಡ್ಡೆ ಗುಡ್ಡೆ ಗುಲಾಬಿ, ಚೆಂಡುಹೂವು, ಕನಕಾಂಬರ. ಮಾತು, ನಗು, ಬಳೆ ಸದ್ದು.

"ಅಕ್ಕೋ! ಇಲ್ಲಿ ಮೇಲ್ಗಡೆ! ಈ ಗೋಡೇಲಿ ಒಂದು ಬಾಗ್ಲು ಇಟ್ರೆ, ನೆರಳಲ್ಲಿ, ಹುಲ್ ಮೇಲೆ ಕೂತು ಕಟ್ತೀರೇನ್ರೀ?"

ಒಂದು ಕ್ಷಣ ಅವರೆಲ್ಲ ಗೋಡೆಯ ಮೇಲಿನ ನಮ್ಮ ಎರಡು ತಲೆಗಳನ್ನು ನೋಡಿದರು. ಆಮೇಲೆ ಒಬ್ಬ ಮುದುಕಿ ಕನ್ನಡ, ತಮಿಳು, ತೆಲುಗು ಮೂರೂ ಬೆರೆಸಿ, ಬಾಗಿಲು ಇಡುವವರೆಗೂ ನೀವಿಬ್ಬರೂ ಅಲ್ಲೇ ನೇತಾಡುತ್ತೀರಾ ಎಂಬಂತೆ ಏನೋ ಅಂದಳು. ಇಡೀ ಓಣಿ ಕೇಕೆ ಹಾಕಿ ನಕ್ಕಿತು, ಮತ್ತೆ ಯಾರೋ ನಮ್ಮ ಕಡೆಗೆ ಒಂದು ಗುಲಾಬಿಯನ್ನು ಜೋರಾಗಿ ಎಸೆದರು.